ಒಂದೇ ಹೊಳ್ಳೆ ಕಟ್ಟಿದವರು

ಮೂಗಿನ ಒಂದೇ ಹೊಳ್ಳೆ ಕಟ್ಟಿದೆ ಎಂದು ಯಾರಾದರೂ ಬಂದರೆ ಅವರನ್ನು ಬರೀ ಹನಿ ಔಷಧಿ ಬರೆದು ಮನೆಗೆ ಕಳಿಸಬೇಡಿ. ಈ ಒಂದು ಮಾತನ್ನು ನೌಕರಿಯುದ್ದಕ್ಕೂ ಹೇಳಿದೆ. ನರ್ಸುಗಳಿಗೆ ಹೇಳಿದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಹೇಳಿದೆ, ಔಷಧಿ ಅಂಗಡಿಯವರಿಗೆ ಹೇಳಿದೆ. ಒಮ್ಮೆ ನಾಗಮಂಗಲದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಒಂದೇ ಹೊಳ್ಳೆಯಲ್ಲಿ ಉಸಿರೆಳೆಯುತ್ತಿದ್ದ ಹಿರಿಯರೊಬ್ಬರಿಗೂ ಹೇಳಿ, “ನನ್ ಮೂಗಿನ್ ಉಸಾಬ್ರಿ ನಿಮ್ಗ್ಯಾಕಮ್ಮ?” ಎಂದು ಎಲ್ಲರ ಮುಂದೆ ಅನ್ನಿಸಿಕೊಂಡೆ. ಅವರು ಮುಂದಿನ ನಿಲ್ದಾಣದಲ್ಲಿ ಸೀಟು ಬದಲಾಯಿಸಿದರು.

ನಾನು ಕಿವಿ, ಮೂಗು, ಗಂಟಲಿನ ವೈದ್ಯೆ. ಸರ್ಕಾರಿ ನೌಕರಿಯ ಬಹುಪಾಲು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲೇ ಕಳೆಯಿತು. ಕೆಲವು ವರ್ಷ ನಾಲ್ಕಕ್ಕೂ ನಾನೊಬ್ಬಳೇ. ಸೋಮವಾರ ಒಂದು ಊರು, ಮಂಗಳವಾರ ಇನ್ನೊಂದು. ಮುಂದೆ ಬರೆಯುವ ಯಾವ ಎಡವಟ್ಟು ಯಾವ ಊರಿನ ಆಸ್ಪತ್ರೆಯಲ್ಲಿ ಆಯಿತು ಎಂದು ಹೇಳುವುದಿಲ್ಲ. ಎಡವಟ್ಟು ನನ್ನದು, ಊರಿನದಲ್ಲ.

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ನನ್ನ ಬಡ್ತಿ, ವರ್ಗಾವಣೆಗಳ ಕಥೆ ಬೇಕಾಗಿಲ್ಲ. ಒಂದು ಕಾಯಿಲೆಯ ಕಥೆ ಹೇಳುತ್ತೇನೆ. ಅದು ಅಪರೂಪದ್ದು. ಆದ್ದರಿಂದಲೇ ಎಲ್ಲರೂ ಅದರ ಮುಂದೆ ಎಡವುತ್ತಾರೆ.

ಮೂಗಿನೊಳಗೆ ಬೆಳೆಯುವ ಸಾಮಾನ್ಯ ಗೆಡ್ಡೆಗೆ ಪಾಲಿಪ್ ಎನ್ನುತ್ತೇವೆ. ಅದು ಸಿಪ್ಪೆ ಸುಲಿದ ದ್ರಾಕ್ಷಿಯಂತೆ ತೆಳ್ಳಗೆ ಹೊಳೆಯುತ್ತದೆ, ಹೆಚ್ಚಾಗಿ ಎರಡೂ ಹೊಳ್ಳೆಯಲ್ಲಿರುತ್ತದೆ. ಇನ್ನೊಂದಿದೆ, ಇನ್ವರ್ಟೆಡ್ ಪ್ಯಾಪಿಲೋಮ ಎಂದು ಅದರ ಹೆಸರು. ಸಾಮಾನ್ಯವಾಗಿ ಒಂದೇ ಕಡೆ ಬರುತ್ತದೆ. ನೋಡಲು ಹಿಪ್ಪುನೇರಳೆ ಹಣ್ಣಿನ ಹಾಗೆ ತರಿತರಿ, ಸ್ವಲ್ಪ ಕೆಂಪು. ಕ್ಯಾನ್ಸರ್ ಅಲ್ಲ. ಆದರೆ ಹೊರಕ್ಕೆ ಬೆಳೆಯುವ ಬದಲು ತನ್ನ ಬುಡದೊಳಕ್ಕೆ ಮಡಚಿಕೊಂಡು ಬೆಳೆಯುತ್ತದೆ. ಬುಡ ಬಿಟ್ಟು ಮೇಲ್ಮೇಲೆ ಕಿತ್ತರೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಇನ್ನಷ್ಟು ಜಾಗ ಹಿಡಿಯುತ್ತದೆ, ಮೂಳೆಯನ್ನು ಸವೆಸುತ್ತದೆ. ಕೆಲವರಲ್ಲಿ ಕಡೆಗೆ ಕ್ಯಾನ್ಸರೇ ಆಗಿಬಿಡುತ್ತದೆ. ಪುಸ್ತಕದಲ್ಲಿ ಇದು ಅರ್ಧ ಪುಟ. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಬರೆದಿದ್ದ ನಾನೇ ಅದನ್ನು ಮೊದಲ ಸಲ ಕಂಡಾಗ ಕಸದ ಬಕೆಟ್ಟಿಗೆ ಹಾಕಿಸಿದೆ.

ಕಿಕ್ಕೇರಿಯಲ್ಲಿ ಅನ್ವರ್ ಎಂಬ ಟೈಲರ್ ಇದ್ದರು. ನಲವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ನಾನು ಕೆಲಸಕ್ಕೆ ಸೇರಿದ ಹೊಸತು. ಆಗ ನಮ್ಮಲ್ಲಿದ್ದದ್ದು ಹಣೆಗೆ ಕಟ್ಟಿಕೊಳ್ಳುವ ಒಂದು ಕನ್ನಡಿ, ರೋಗಿಯ ಹಿಂದೆ ಒಂದು ದೀಪ. ಆ ಬೆಳಕಿನಲ್ಲಿ ಅವರ ಎಡ ಹೊಳ್ಳೆಯೊಳಗೆ ಏನೋ ಬೆಳೆದದ್ದು ಕಂಡಿತು. ಪಾಲಿಪ್ ಎಂದುಕೊಂಡೆ. ತಂತಿಯ ಕುಣಿಕೆ ಹಾಕಿ ಎಳೆದು ತೆಗೆದೆ. ಆಯಾ ತಟ್ಟೆ ಹಿಡಿದುಕೊಂಡು, “ಇದ್ನ ಏನ್ ಮಾಡ್ಲಿ ಡಾಕ್ಟ್ರಮ್ಮ?” ಎಂದಳು.

“ಬಿಸಾಕು” ಎಂದೆ.

ವರ್ಷ ತುಂಬುವುದರೊಳಗೆ ಅನ್ವರ್ ಮತ್ತೆ ಬಂದರು. ಅದೇ ಹೊಳ್ಳೆ. ಮತ್ತೆ ತೆಗೆದೆ. ಈ ಸಲ ನನಗೆ ಅನುಮಾನ ಬಂತು, ತುಂಡನ್ನು ಮೈಸೂರಿಗೆ ಪರೀಕ್ಷೆಗೆ ಕಳಿಸೋಣವೆಂದು ಆಡಳಿತ ವೈದ್ಯಾಧಿಕಾರಿಗಳ ಮುಂದೆ ಚೀಟಿ ಇಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು. ಹೊರಗೆ ಹತ್ತು ಜನ ರೋಗಿಗಳು ಬಾಗಿಲಿಗೆ ಆತುಕೊಂಡು ನಿಂತಿದ್ದರು.

“ಏನಮ್ಮ, ಮೂಗಿನ ಗೆಡ್ಡೆಗೆಲ್ಲ ಜಾತಕ ಬರೆಸ್ತೀಯಾ?” ಎಂದು ಗಟ್ಟಿಯಾಗಿ ನಕ್ಕರು. ಹೊರಗಿದ್ದವರೂ ನಕ್ಕರು. ನಾನು ಚೀಟಿ ಮಡಚಿಕೊಂಡು ಬಂದೆ. ಫಾರ್ಮಲಿನ್ ಕೂಡ ಖಾಲಿಯಾಗಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತೆಗೆದ ತುಂಡು ಕೆಡದಂತೆ ಇಡುವ ದ್ರವ ಅದು. ಪಕ್ಕದ ಊರಿನ ಆಸ್ಪತ್ರೆಗೆ ಫೋನ್ ಮಾಡಿದ್ದರೆ ಒಂದು ಸೀಸೆ ಸಿಗುತ್ತಿತ್ತು. ಮಾಡಲಿಲ್ಲ.

ಮೂರನೆಯ ಸಲ ಬರುವಾಗ ಅನ್ವರ್ ಅವರ ಎಡಗಣ್ಣಿನಲ್ಲಿ ಸುಮ್ಮಸುಮ್ಮನೆ ನೀರು ಸುರಿಯುತ್ತಿತ್ತು. ಕರ್ಚೀಪಿನಲ್ಲಿ ರಕ್ತದ ಕಲೆ. ಅವತ್ತು ಯಾರನ್ನೂ ಕೇಳಲಿಲ್ಲ. ಸಣ್ಣ ತುಂಡು ತೆಗೆದು, ನಾನೇ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಪರೀಕ್ಷೆ ಮಾಡುವ ಗೆಳತಿಯ ಕೈಗೆ ಕೊಟ್ಟು ಬಂದೆ. ವಾರದ ಮೇಲೆ ವರದಿ ಬಂತು. ಆ ಎರಡು ಇಂಗ್ಲಿಷ್ ಪದಗಳನ್ನು ಓದಿ ಕುರ್ಚಿಯಲ್ಲಿ ಹಾಗೇ ಕೂತೆ. ಎರಡು ಸಲ ಅದು ನನ್ನ ಕೈಯಲ್ಲಿತ್ತು.

ಅನ್ವರ್‌ಗೆ ವಿವರಿಸಲು ಅವರ ಅಂಗಿಯ ತೋಳನ್ನೇ ಹಿಡಿದೆ. “ತೋಳನ್ನ ಒಳಗಡೆಗೆ ಮಗುಚಿಬಿಟ್ರೆ ಹೇಗಿರುತ್ತೆ, ಹಾಗೆ ಬೆಳೆದಿದೆ. ಹೊರಗಿಂದ ಕತ್ತರಿಸಿದ್ರೆ ಒಳಗಿನದು ಉಳ್ಕೊಳ್ಳುತ್ತೆ.”

ಅವರಿಗೆ ಕೂಡಲೇ ತಿಳಿಯಿತು. “ಅಂದ್ರೆ ಹೊಲಿಗೆ ಬಿಚ್ಚಬೇಕು ಅನ್ನಿ” ಎಂದರು.

ಬಿಚ್ಚಿದರು. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ನನ್ನ ಗುರುಗಳು ಕಣ್ಣಿನ ಒಳತುದಿಯಿಂದ ಮೂಗಿನ ಪಕ್ಕಕ್ಕೆ ಇಳಿಸಿ ಮುಖವನ್ನೇ ಕೊಯ್ದು ತೆರೆದರು. ಆ ಕಾಲಕ್ಕೆ ಅದೇ ಸರಿಯಾದ ವಿಧಾನ. ಬುಡದ ಮೂಳೆಯ ಸಮೇತ ತೆಗೆದರು. ಕ್ಯಾನ್ಸರ್ ಇರಲಿಲ್ಲ. ಗಾಯ ಮಾಯಿತು, ಗೆರೆ ಉಳಿಯಿತು. ಹೊಳ್ಳೆಯ ಅಂಚು ಸ್ವಲ್ಪ ಮೇಲಕ್ಕೆ ಎಳೆದುಕೊಂಡಿತು.

ಹೊಲಿಗೆ ಬಿಚ್ಚಿದ ಮೇಲೆ ನಾನು ಅವರಿಗೆ ಇದ್ದದ್ದನ್ನು ಹೇಳಿಬಿಟ್ಟೆ. “ಮೊದಲನೇ ಸಲವೇ ಪರೀಕ್ಷೆಗೆ ಕಳಿಸಬೇಕಿತ್ತು. ಇಷ್ಟು ದೊಡ್ಡ ಕೊಯ್ತ ಬೇಕಾಗ್ತಿರಲಿಲ್ಲವೇನೋ. ತಪ್ಪು ನನ್ನದು.”

ಅವರು ಮೂಗಿನ ಪಕ್ಕದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಆಮೇಲೆ, “ನಮ್ ಕೆಲ್ಸದಾಗೂ ಅಳತೆ ತಪ್ತದೆ ಅಮ್ಮಾ. ಬಟ್ಟೆ ವಾಪಸ್ ಇಸ್ಕೊಂಡು ಬಿಚ್ಚಿ ಹೊಲೀತೀವಿ. ಮುಖಾನ ಹೆಂಗೆ ಬಿಚ್ಚಿ ಹೊಲಿಯೋದು?” ಎಂದರು.

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಎದ್ದು, ಸಲಾಂ ಹೇಳಿ ಹೋದರು. ಕರೆದಾಗಲೆಲ್ಲ ತಪಾಸಣೆಗೆ ಹೋದರು, ನನ್ನ ಹತ್ತಿರ ಮಾತ್ರ ಬರಲಿಲ್ಲ. ನೇರ ಮೈಸೂರಿಗೇ ಹೋಗುತ್ತಿದ್ದರು.

ಅಲ್ಲಿಂದ ಮುಂದೆ ನನ್ನ ಕೈಯಿಂದ ತೆಗೆದ ಯಾವ ಗೆಡ್ಡೆಯೂ ಬಕೆಟ್ಟಿಗೆ ಹೋಗಲಿಲ್ಲ. ಎಷ್ಟು ಜನ ಮೇಲಧಿಕಾರಿಗಳು ಬಂದರು, ಎಷ್ಟು ಜನ ಜಾತಕದ ಮಾತಾಡಿದರು, ಲೆಕ್ಕವಿಲ್ಲ. “ಹೌದು ಸರ್, ಜಾತಕವೇ” ಎಂದು ಸಹಿಗೆ ಚೀಟಿ ಚಾಚುತ್ತಿದ್ದೆ.

ಕಾಲ ಬದಲಾಯಿತು. ಎಂಡೋಸ್ಕೋಪ್ ಬಂತು. ಪೆನ್ಸಿಲಿನಷ್ಟು ಸಣ್ಣ ಕೊಳವೆ, ತುದಿಯಲ್ಲಿ ಬೆಳಕು. ಮೂಗಿನೊಳಗೆ ತೂರಿಸಿದರೆ ಮೂಲೆಮೂಲೆಯೂ ಕಾಣುತ್ತದೆ. ಅರ್ಜಿಯ ಮೇಲೆ ಅರ್ಜಿ ಬರೆದು ನಮ್ಮಲ್ಲಿಗೂ ಒಂದನ್ನು ತರಿಸಿದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಕೊಳವೆ ಇದೆ, ಬೆಳಕು ಹರಿಸುವ ಕೇಬಲ್ ಇಲ್ಲ. “ಅದಕ್ಕೆ ಬೇರೆ ಇಂಡೆಂಟ್ ಹಾಕಬೇಕು ಮೇಡಂ” ಎಂದರು ಸ್ಟೋರಿನವರು. ಕೇಬಲ್ ಬರುವವರೆಗೆ ತಿಂಗಳುಗಟ್ಟಲೆ ಅದು ಬೀರುವಿನಲ್ಲಿ ಕತ್ತಲಲ್ಲಿ ಮಲಗಿತ್ತು. ದಿನಾ ಬೀರು ತೆಗೆದು ನೋಡಿ, ಬೀಗ ಹಾಕಿ, ಹಣೆಗೆ ಹಳೇ ಕನ್ನಡಿಯನ್ನೇ ಕಟ್ಟಿಕೊಳ್ಳುತ್ತಿದ್ದೆ.

ಕೇಬಲ್ ಬಂದ ಮೇಲೆ ಕೆಲವೇ ವಾರಕ್ಕೆ ಸಿದ್ದೇಗೌಡರು ಬಂದರು.

ಕ್ಯಾತನಹಳ್ಳಿಯವರು. ಆಲೆಮನೆಯಲ್ಲಿ ಪಾಕ ನೋಡುವ ಕೆಲಸ. ಕುದಿಯುವ ಕಬ್ಬಿನ ಹಾಲು ಬೆಲ್ಲದ ಹದಕ್ಕೆ ಬಂತೋ ಇಲ್ಲವೋ ಎಂದು ಕೊಪ್ಪರಿಗೆಯ ಪಕ್ಕ ನಿಂತು ಹೇಳಬೇಕಾದವರು. ಜೊತೆಗೆ ಹೆಂಡತಿ ಜಯಮ್ಮ. ಮಾತೆಲ್ಲ ಆಕೆಯದೇ.

“ಬಲಗಡೆ ಮೂಗು ಕಟ್ಕಬುಟ್ಟದೆ ಕಣಮ್ಮ. ಓದ್ ವರ್ಸದ್ ಕಬ್ಬಿನ್ ಕಟಾವಿಂದ್ಲೂ ಇಂಗೇ. ಈಗ ಎಡಗಡೆನೂ ಬಿಗ್ಯಾಗದೆ. ಪಾಕದ್ ವಾಸ್ನೆನೇ ಗೊತ್ತಾಗಕಿಲ್ಲ ಅಂತವ್ರೆ.”

ಕೊಳವೆ ತೂರಿಸಿದೆ. ಹಿಪ್ಪುನೇರಳೆ ಹಣ್ಣು ಕಣ್ಣೆದುರಿಗೇ ಇತ್ತು. ಅದು ನಡುವಿನ ಗೋಡೆಯನ್ನೇ ಎಡಕ್ಕೆ ದಬ್ಬಿತ್ತು. ಸ್ಕ್ಯಾನ್ ಮಾಡಿಸಿ, ಸಣ್ಣ ತುಂಡು ಚಿವುಟಿ ತೆಗೆದು ಸೀಸೆಗೆ ಹಾಕಿದೆ. ಆಸ್ಪತ್ರೆಯ ಗಾಡಿ ಆ ವಾರ ಮೈಸೂರಿಗೆ ಹೋಗುವಂತಿರಲಿಲ್ಲ. ಸೀಸೆಯನ್ನು ಜಯಮ್ಮನ ಕೈಗೆ ಕೊಟ್ಟು ವಿಳಾಸ ಬರೆದುಕೊಟ್ಟೆ.

ಮಾರನೆಯ ದಿನ ಮೈಸೂರಿನ ಗೆಳತಿಯ ಫೋನು. “ಏನೇ ಕಳಿಸಿದೀಯ? ನೀರಲ್ಲಿ ಕೊಳೆತಿದೆ. ಏನೂ ನೋಡೋಕಾಗಲ್ಲ.”

ಜಯಮ್ಮನನ್ನು ಕರೆಸಿದೆ. ಆಕೆ ನಿರಾಳವಾಗಿ ಹೇಳಿದರು: “ಬಸ್ನಲ್ಲಿ ಮುಚ್ಚಳ ಸಡ್ಲಾಗ್ಬುಟ್ಟು ಗಬ್ಬು ವಾಸ್ನೆ. ಎಲ್ಲಾರ್ಗೂ ಕಣ್ಣುರಿ. ಕಂಡಕ್ಟ್ರು ಇಳೀರಮ್ಮ ಅಂತ ಬಯ್ದ. ಅದ್ಕೆ ಇಳ್ದು ಆ ನೀರ ಚೆಲ್ಬುಟ್ಟು, ತೊಳ್ದು, ನಲ್ಲಿ ನೀರ್ ತುಂಬ್ಸ್ದೆ. ವತ್ತಾಗಿತ್ತು, ಸೀಸೆ ಮಡೀಕಂಡು ಮನೆಗೋಗಿ ಬೆಳಿಗ್ಗೆ ಮೈಸೂರ್ಗೋಗಿ ಕೊಟ್ಟೆ.”

“ತೊಳೆದ್ರಾ? ಅಯ್ಯೋ, ಯಾರು ಹೇಳಿದ್ರು ನಿಮಗೆ ತೊಳೆಯೋಕೆ?” ಎಂದು ಕಿರುಚಿದೆ.

ಆಕೆಯೂ ಬಿಡಲಿಲ್ಲ. “ತೊಳೀಬ್ಯಾಡ ಅಂತ್ಲೂ ಯಾರೂ ಯೋಳ್ನಿಲ್ಲ. ಅದು ಔಸ್ದಿ ಅಂತ ನೀವು ಯೋಳ್ಬೇಕಿತ್ತು ಡಾಕ್ಟ್ರಮ್ಮ. ನಂಗೇನ್ ಕನ್ಸು ಬಿದ್ದಿತ್ತಾ?”

ಮಾತು ನಿಜ. ಹೇಳಿರಲಿಲ್ಲ. ಮುಚ್ಚಳವನ್ನೂ ನಾನು ನೋಡಿರಲಿಲ್ಲ. ಸಿದ್ದೇಗೌಡರ ಮೂಗಿಗೆ ಎರಡನೇ ಸಲ ಚಿಮುಟ ಹಾಕಬೇಕಾಯಿತು. ಅವರು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಹೆಂಡತಿಯನ್ನೂ ನನ್ನನ್ನೂ ಒಂದೇ ನೋಟದಲ್ಲಿ ಸುಟ್ಟರು. ಈ ಸಲ ಸೀಸೆಯ ಬಾಯಿಗೆ ಪ್ಲಾಸ್ಟರ್ ಸುತ್ತಿ, ಅದರ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದೆ: ತೆಗೆಯಬೇಡಿ, ತೊಳೆಯಬೇಡಿ.

ವರದಿ ನಾನಂದುಕೊಂಡದ್ದೇ. ಸಿದ್ದೇಗೌಡರನ್ನು ಕೂರಿಸಿಕೊಂಡು, “ಇದು ಕ್ಯಾನ್ಸರ್ ಅಲ್ಲ” ಎಂದು ಶುರು ಮಾಡಿದೆ. ಅದು ನಾನು ಮಾಡಿದ ಇನ್ನೊಂದು ತಪ್ಪು. ಆ ವಾಕ್ಯ ಕಿವಿಗೆ ಬಿದ್ದ ಮೇಲೆ ಅವರು ಇನ್ನೇನನ್ನೂ ಕೇಳಲಿಲ್ಲ.

“ಅಲ್ಲ ತಾನೆ? ಅಂಗಾದ್ರೆ ಬುಡಿ” ಎಂದು ಎದ್ದುಬಿಟ್ಟರು.

ನಲವತ್ತು ನಿಮಿಷ ಹೇಳಿದೆ. ಚಿತ್ರ ಬರೆದೆ. ತಲೆಯಾಡಿಸಿದರು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿಸಿದೆ. ಆ ದಿನ ಅವರು ಹೋಗಲಿಲ್ಲ. ಫೋನ್ ಮಾಡಿದರೆ ಕಟಾವು ಎಂದರು. ಇನ್ನೊಂದು ದಿನ ಗೊತ್ತು ಮಾಡಿಸಿದೆ. ನೆಂಟರ ಮದುವೆ ಎಂದರು. ಈ ಕಾಯಿಲೆಯ ನಿಜವಾದ ಕಷ್ಟ ಇದು. ಕ್ಯಾನ್ಸರ್ ಎಂದರೆ ಜನ ಗಾಬರಿಯಲ್ಲಿ ಕಂಡಕಂಡ ಕಡೆ ಓಡುತ್ತಾರೆ. ಅಲ್ಲ ಎಂದರೆ ಕೂತಲ್ಲಿಂದ ಏಳುವುದೇ ಇಲ್ಲ. ನಡುವಿನ ಮಾತೊಂದಕ್ಕೆ ಅವರ ತಲೆಯಲ್ಲಿ ಜಾಗವೇ ಇರುವುದಿಲ್ಲ.

ಒಂದು ಭಾನುವಾರ ತಡೆಯಲಾರದೆ ಕ್ಯಾತನಹಳ್ಳಿಗೆ ನಾನೇ ಹೋದೆ. ಆಲೆಮನೆಯಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಸಿದ್ದೇಗೌಡರು ಬಾಯಿ ತೆರೆದುಕೊಂಡೇ ಉಸಿರಾಡುತ್ತಾ ಕೊಪ್ಪರಿಗೆಯ ಪಕ್ಕ ನಿಂತಿದ್ದರು. ಬಲಗಣ್ಣಿನ ಕೆಳಗೆ ಸಣ್ಣಗೆ ಊತ. ನನ್ನನ್ನು ಕಂಡು ಕೆಲಸದವರೆಲ್ಲ ಸರಿದು ನಿಂತರು.

“ಕಣ್ಣು ನೋಡ್ಕೊಂಡ್ರಾ ಕನ್ನಡೀಲಿ?”

“ಒಲೆ ವಗೆ ಓಡ್ದು ಅಂಗಾಗದೆ ಬುಡಿ ಮೇಡಂ. ಕ್ಯಾನ್ಸರ್ ಅಲ್ಲ ಅಂತ ನೀವೇ ಅಂದ್ರಿ.”

“ಕಬ್ಬಿನ ಗದ್ದೇಲಿ ಕೊನ್ನಾರಿ ಕಳೆ ಬರುತ್ತಲ್ಲ, ಮೇಲೆ ಕಿತ್ತು ಗೆಡ್ಡೆ ಬಿಟ್ರೆ ಏನಾಗುತ್ತೆ?”

“ಇನ್ನೂ ಜಾಸ್ತಿ ಆಯ್ತದೆ.”

“ಇದೂ ಅದೇ.”

ಅವರು ನಕ್ಕುಬಿಟ್ಟರು. “ಕೊನ್ನಾರಿಗೆ ಎದ್ರಿ ಯಾರಾದ್ರೂ ಬೇಸಾಯ ಬುಟ್ಟಾರಾ ಮೇಡಂ?”

ನನಗೆ ಸಿಟ್ಟು ನೆತ್ತಿಗೇರಿತು. “ಬೇಸಾಯ ಬಿಡಬೇಡಿ. ಆದ್ರೆ ಕೊನ್ನಾರಿ ಕಣ್ಣೊಳಗೆ ಬೆಳೆದ ಮೇಲೆ ಗದ್ದೆ ಯಾವುದು, ದಾರಿ ಯಾವುದು ಅಂತ ಯಾರನ್ನ ಕೇಳ್ಕೊಂಡು ಹೋಗ್ತೀರಿ? ನಾನು ಇಷ್ಟು ದೂರ ಬಂದು ಬೆಂಕಿ ಮುಂದೆ ನಿಂತು ಗಂಟಲು ಹರ್ಕೋತಿದೀನಿ, ನಿಮಗೆ ನಗು!”

ಹಿಂದಿನಿಂದ ಜಯಮ್ಮ ಬಂದು ಗಂಡನ ಕೈಯಿಂದ ಸೌಟು ಇಸಿದುಕೊಂಡರು. “ನಾಳೀಕೆ ಮೈಸೂರ್ಗೆ ನಡೀರಿ. ಪಾಕ ನಮ್ಮಣ್ಣ ನೋಡ್ಕತಾನೆ. ನಿಮ್ಗೆ ವಾಸ್ನೆ ಗೊತ್ತಾಗ್ದೆ ಮೂರ್ ಕೊಪ್ರಿಗೆ ಸೀದೋಯ್ತು, ನಾನ್ ಯಾರ್ಗೂ ಯೋಳಿಲ್ಲ.” ಸಿದ್ದೇಗೌಡರ ಮುಖ ಕಪ್ಪಿಟ್ಟಿತು. ಕೆಲಸದವರ ಮುಂದೆ ಆ ಮಾತು ಬಂದದ್ದಕ್ಕೋ ಏನೋ, ಮಾರನೆಯ ದಿನ ಹೊರಟರು.

ಶಸ್ತ್ರಚಿಕಿತ್ಸೆ ಮಾಡಿದವನು ನನಗಿಂತ ಎಷ್ಟೋ ಚಿಕ್ಕವನು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಮುಖದ ಮೇಲೆ ಒಂದು ಗೆರೆಯೂ ಇಲ್ಲ. ಎಲ್ಲವೂ ಹೊಳ್ಳೆಯ ಮೂಲಕವೇ. ಪರದೆಯ ಮೇಲೆ ನೋಡುತ್ತಾ, ಗೆಡ್ಡೆ ಅಂಟಿದ್ದ ಬುಡವನ್ನು ಕೆನ್ನೆಯ ಮೂಳೆಯ ಒಳಗೋಡೆಯಲ್ಲಿ ಹುಡುಕಿ, ಅಲ್ಲಿನ ಮೂಳೆಯನ್ನು ಸಣ್ಣ ಡ್ರಿಲ್ಲಿನಿಂದ ಸವರಿ ಸವರಿ ನುಣ್ಣಗೆ ಮಾಡಿದ. ಕಣ್ಣಿನ ಕೆಳಗಿನ ಮೂಳೆ ಕಾಗದದಷ್ಟು ತೆಳುವಾಗಿತ್ತು, ಆದರೆ ತೂತಾಗಿರಲಿಲ್ಲ. ನೋಡುತ್ತಿದ್ದ ಅಷ್ಟೂ ಹೊತ್ತು ನನಗೆ ಅನ್ವರ್ ಅವರ ಮುಖ ಕಣ್ಣ ಮುಂದಿತ್ತು.

ತೆಗೆದ ಪ್ರತಿ ಚೂರೂ ಪರೀಕ್ಷೆಗೆ ಹೋಯಿತು. ಒಂದು ಚೂರಿನಲ್ಲಿ ಮಾತ್ರ ಕೋಶಗಳು ದಾರಿ ತಪ್ಪಲು ಶುರು ಮಾಡಿದ್ದವು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಆದರೆ ಮುಖ ಆ ಕಡೆಗೇ ಇತ್ತು. ಸಿದ್ದೇಗೌಡರಿಗೆ ಹೇಳಿದೆ. ಮೊದಲ ಬಾರಿಗೆ ಅವರು “ಬುಡಿ” ಅನ್ನಲಿಲ್ಲ.

“ಇನ್ನೊಂದ್ ಕಟಾವು ಕಾಯ್ದಿದ್ರೆ?” ಎಂದರು.

“ಗೊತ್ತಿಲ್ಲ” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಆ ಹೆದರಿಕೆ ಒಂದು ವರ್ಷ ಕೆಲಸ ಮಾಡಿತು. ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದರು. ವಾಸನೆ ಮರಳಿತು, ಪಾಕದ ಪಕ್ಕಕ್ಕೆ ಮರಳಿದರು. ಆಮೇಲೆ ನಿಂತುಹೋಯಿತು. ಇದು ಎಷ್ಟು ವರ್ಷದ ಮೇಲಾದರೂ ಮತ್ತೆ ಹುಟ್ಟಬಹುದಾದ ಕಾಯಿಲೆ, ಜೀವಮಾನವಿಡೀ ನೋಡಿಸಿಕೊಳ್ಳಬೇಕು. “ಮೂಗು ಸಲೀಸಾಗಿ ಆಡ್ತಾ ಅದೆ ಮೇಡಂ, ಯಾಕ್ ಬರ್ಬೇಕು?” ಎಂದು ಅವರು ಫೋನಿನಲ್ಲಿ ಕೇಳುವರು. “ಸಲೀಸಾಗಿದ್ದಾಗಲೇ ಬರಬೇಕು” ಎಂದು ನಾನು ಕೂಗುವೆ. ಪ್ರತಿ ವರ್ಷ ಇದೇ ಜಗಳ. ನಾನು ಬೈದ ವರ್ಷ ಬರುವರು. ಬೈಯಲು ಮರೆತ ವರ್ಷ ಇಲ್ಲ.

ನಾನು ನಿವೃತ್ತಳಾದೆ. ಕಿರಂಗೂರಿನ ಹತ್ತಿರ ಮನೆ. ಒಂದು ಬೆಳಿಗ್ಗೆ ಗೇಟಿನ ಮುಂದೆ ಸ್ಕೂಟರ್ ನಿಂತಿತು. ಸಿದ್ದೇಗೌಡರು. ತಲೆ ಬೆಳ್ಳಗಾಗಿತ್ತು.

“ಎಲ್ಡ್ ವರ್ಸದಿಂದ ಯಾರೂ ಬೈನಿಲ್ಲ ಮೇಡಂ. ಯಾಕೋ ಮನ್ಸಿಗೆ ಸರಿ ಕಾಣ್ಲಿಲ್ಲ. ಅದ್ಕೆ ನಾನೇ ಬಂದೆ.”

“ಮೂಗು?”

“ಏನೂ ಇಲ್ಲ. ಸಲೀಸಾಗದೆ.”

ನನ್ನಲ್ಲಿ ಈಗ ಯಾವ ಉಪಕರಣವೂ ಇಲ್ಲ. ನನ್ನ ಜಾಗಕ್ಕೆ ಬಂದಿರುವ ಡಾಕ್ಟರ್ ಚೈತ್ರಾಳ ಹತ್ತಿರ ಅವರನ್ನು ಕರೆದುಕೊಂಡು ಹೋದೆ. ಚುರುಕು ಹುಡುಗಿ, ಕೈ ಹಗುರ. ಕೊಳವೆ ತೂರಿಸಿ ತುಂಬ ಹೊತ್ತು ನೋಡಿದಳು. ಹಳೆಯ ಗಾಯದ ಅಂಚಿನಲ್ಲಿ ರಾಗಿ ಕಾಳಿನಷ್ಟು ಒಂದು ಗುಳ್ಳೆ.

“ಮಾಯ್ದ ಗಾಯದ ಗುರುತು ಇರಬಹುದು ಮೇಡಂ. ಇವರಿಗೆ ತೊಂದರೆ ಏನೂ ಇಲ್ವಲ್ಲ, ಆರು ತಿಂಗಳು ಬಿಟ್ಟು ನೋಡೋಣವಾ?”

ನಾನು ಸಿಡಿದುಬಿದ್ದೆ. “ಆರು ತಿಂಗಳು ಯಾಕೆ, ಆರು ವರ್ಷ ಬಿಟ್ಟು ನೋಡು! ಏನಮ್ಮ ಓದಿದ್ದೀಯ ನೀನು?” ಎಂದೆ. ರೋಗಿಯ ಮುಂದೆ, ನರ್ಸಿನ ಮುಂದೆ. ಬಾಗಿಲಲ್ಲಿ ನಿಂತಿದ್ದ ಜನ ಕತ್ತು ಚಾಚಿ ನೋಡಿದರು. ಚೈತ್ರಾಳ ಕಿವಿ ಕೆಂಪಾಯಿತು. ಅವಳು ತಲೆ ತಗ್ಗಿಸಿ ಚೀಟಿ ಬರೆಯುವುದನ್ನು ಕಂಡು ನನಗೆ ಜಾತಕದ ಮಾತು ಕೇಳಿ ಚೀಟಿ ಮಡಚಿಕೊಂಡು ಬಂದ ದಿನ ನೆನಪಾಯಿತು. ಹೀಗೆ ತಲೆ ತಗ್ಗಿಸಿದವಳು ತುಂಡನ್ನು ಪರೀಕ್ಷೆಗೆ ಕಳಿಸಲು ಧೈರ್ಯ ಮಾಡುವುದಿಲ್ಲ, ಅದು ನನಗೆ ಗೊತ್ತು. ಎಲ್ಲರೂ ಇರುವಾಗಲೇ, “ಚೈತ್ರಾ, ನಾನು ಹಾಗೆ ಮಾತಾಡಬಾರದಿತ್ತು. ನಿನಗೆ ಸರಿ ಅನ್ನಿಸಿದ್ದು ನೀನು ಮಾಡು” ಎಂದೆ.

ಅವಳು ಪೆನ್ನು ಕೆಳಗಿಟ್ಟು, “ಹಿಂದಿನ ವರದಿ ತೋರಿಸಿ” ಎಂದು ಸಿದ್ದೇಗೌಡರ ಕೈಯಿಂದ ಹಳೆಯ ಕಾಗದ ತೆಗೆದುಕೊಂಡಳು. ದಾರಿ ತಪ್ಪುತ್ತಿದ್ದ ಕೋಶಗಳ ಸಾಲು ಬಂದಾಗ ಎರಡು ಸಲ ಓದಿದಳು. “ಇವತ್ತೇ ತುಂಡು ತೆಗೀತೀನಿ” ಎಂದಳು.

ಅದೇ ಗೆಡ್ಡೆ. ಮತ್ತೆ ಹುಟ್ಟಿತ್ತು, ಆದರೆ ರಾಗಿ ಕಾಳಿನಷ್ಟೇ. ಮೈಸೂರಿನಲ್ಲಿ ಅಷ್ಟನ್ನೇ ಬುಡಸಮೇತ ಸವರಿ ತೆಗೆದರು. ಸಿದ್ದೇಗೌಡರು ಮಾರನೆಯ ದಿನ ಮನೆಗೆ ಹೋದರು. ಈ ಸಲ ದಾರಿ ತಪ್ಪಿದ ಕೋಶ ಒಂದೂ ಇರಲಿಲ್ಲ.

ಮೊನ್ನೆ ಮಧ್ಯಾಹ್ನ ಚೈತ್ರಾಳ ಫೋನು ಬಂತು. ಧ್ವನಿ ಏರಿತ್ತು.

“ಮೇಡಂ, ಸಿದ್ದೇಗೌಡರು ತಪಾಸಣೆಗೆ ಬಂದಿಲ್ಲ. ಮೂರು ಸಲ ಫೋನ್ ಮಾಡಿದೆ. ಕಟಾವು ಅಂತಾರೆ, ಮೂಗು ಸಲೀಸಾಗಿದೆ ಅಂತಾರೆ. ಎಷ್ಟು ಹೇಳಿದ್ರೂ ತಲೆಗೇ ಹೋಗಲ್ಲ ಇವರಿಗೆ! ಕಡೆಗೆ ತಡೆಯೋಕಾಗದೆ ಬೈದುಬಿಟ್ಟೆ. ವಯಸ್ಸಾದವರು, ತಪ್ಪಾಯ್ತೇನೋ.”

“ಏನಂತ ಬೈದೆ?”

“ನಿಮಗೆ ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ ಅಂದೆ.”

“ಇಷ್ಟೇನಾ?”

“ಹೂಂ ಮೇಡಂ.”

“ಸಾಲದು ಕಣೆ” ಎಂದೆ. “ಇನ್ನೊಂದು ಸಲ ಫೋನ್ ಮಾಡು. ಜಯಮ್ಮನ ಕೈಗೆ ಕೊಡೋಕೆ ಹೇಳು.”

ಗುರುವಾರ ಗಂಡ ಹೆಂಡತಿ ಇಬ್ಬರೂ ಬಂದಿದ್ದರಂತೆ.